ಚಿಪ್ಪು ಹೋದರೂ ಕೊಬ್ಬರಿ ಉಳೀಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಗೊತ್ತು, ಉಂಡೆ ಕೊಬ್ಬರಿ ಸುಮ್ಮನೆ ಆಗಲ್ಲ. ಕಾಯಿ ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಬೇಕು. ಅಷ್ಟು ಜೋಪಾನ ಮಾಡೋ ನಾವು, ಲ್ಯಾಪ್‌ಟಾಪ್ ವಿಷಯದಲ್ಲಿ ಮಾತ್ರ ಮೈಮರೀತೀವಿ.

ನಾನೂ ಮೈಮರೆತವನೇ. ಇಂಜಿನಿಯರಿಂಗ್ ಕೊನೇ ವರ್ಷ, ಬೆಂಗಳೂರಿಂದ ತಿಪಟೂರಿಗೆ ರೈಲಲ್ಲಿ ಬರ್ತಿದ್ದೆ. ಬ್ಯಾಗ್ ಮೇಲಿಟ್ಟು ನಿದ್ದೆ ಹೋದೆ. ಗುಬ್ಬಿಯಲ್ಲಿ ಇತ್ತು, ಬಾಣಸಂದ್ರದಲ್ಲಿ ಕಣ್ಣು ಬಿಟ್ಟರೆ ಇಲ್ಲ! ಪೊಲೀಸರು ಸೀರಿಯಲ್ ನಂಬರ್ ಕೇಳಿದರು. ಬಿಲ್ಲು ಕೂಡ ಅದೇ ಬ್ಯಾಗಲ್ಲಿತ್ತು. ಅಪ್ಪ ಬೈಯಲಿಲ್ಲ, ಕೊಬ್ಬರಿ ಮಾರಿದ ದುಡ್ಡಲ್ಲಿ ಇನ್ನೊಂದು ಕೊಡಿಸಿದರು. ಆದರೆ ನಾಲ್ಕು ತಿಂಗಳ ನನ್ನ ಪ್ರಾಜೆಕ್ಟ್ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಆವತ್ತು ಅರ್ಥವಾಗಿದ್ದು ಇಷ್ಟು. ಯಂತ್ರ ಬರೀ ಚಿಪ್ಪು, ಕೊಬ್ಬರಿ ಅದರೊಳಗಿದೆ.

‘ಪಾಸ್‌ವರ್ಡ್ ಹಾಕಿದ್ದೀನಲ್ಲ’ ಅಂತೀರಾ? ಅದೊಂದೇ ಸಾಲದು. ಒಳಗಿನ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೆ ಫೈಲ್‌ಗಳನ್ನು ಓದಬಹುದು. ಓದೋಕಾಗದಂತೆ ಮಾಡೋದು ಎನ್‌ಕ್ರಿಪ್ಶನ್. ವಿಂಡೋಸ್‌ನ ಹಲವು ಆವೃತ್ತಿಗಳಲ್ಲಿ ಬಿಟ್‌ಲಾಕರ್, ಆಪಲ್‌ನಲ್ಲಿ ಫೈಲ್‌ವಾಲ್ಟ್ ಅಂತ ಇದೆ. ಆನ್ ಮಾಡಿ, ರಿಕವರಿ ಕೀ ಬೇರೆ ಕಡೆ ಇಡಿ. ಮುಖ್ಯ ಫೈಲ್‌ಗಳ ಇನ್ನೊಂದು ಪ್ರತಿ ಕ್ಲೌಡ್‌ನಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಇರಲಿ. ಆ ಹಾರ್ಡ್ ಡಿಸ್ಕನ್ನೂ ಅದೇ ಬ್ಯಾಗಿಗೆ ತುರುಕಬೇಡಿ!

ಇನ್ನು ಚಿಪ್ಪು ಕಾಯೋದು. ಹಲವು ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಸಣ್ಣ ತೂತು ಇರುತ್ತೆ, ಅದು ಉಕ್ಕಿನ ಕೇಬಲ್ ಲಾಕ್‌ಗೆ. ಆಫೀಸಲ್ಲಿ ಟೇಬಲ್ ಕಾಲಿಗೆ ಬಿಗಿಯಿರಿ, ಗೂಟಕ್ಕೆ ಹಸು ಕಟ್ಟಿದ ಹಾಗೆ. ಊಟಕ್ಕೆ ಏಳುವಾಗ ಡ್ರಾಯರ್‌ಗೆ ಬೀಗ ಹಾಕಿ. ಕಾರಿನ ಸೀಟಲ್ಲಿ ಕಾಣೋ ಹಾಗೆ ಬಿಡಬೇಡಿ. ಬಸ್ಸಲ್ಲಿ ಡಿಕ್ಕಿಗೆ ಹಾಕಬೇಡಿ, ಬ್ಯಾಗ್ ತೊಡೆ ಮೇಲಿರಲಿ. ರೈಲಲ್ಲಿ ನಿದ್ದೆ ಬಂದರೆ ಪಟ್ಟಿಯನ್ನು ಕಾಲಿಗೆ ಸುತ್ತಿಕೊಳ್ಳಿ. ನಾಚಿಕೆ ಬೇಡ. ಪ್ರಯಾಣಿಕ ತನ್ನ ವಸ್ತುವನ್ನು ಕಾಯ್ದುಕೊಳ್ಳದಿದ್ದರೆ ಆ ಕಳವಿಗೆ ರೈಲ್ವೆಯನ್ನು ಹೊಣೆ ಮಾಡೋಕಾಗಲ್ಲ ಅಂತ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕಳುವಾದರೆ? ರೈಲಲ್ಲಾದರೆ 139, ಬೇರೆ ಕಡೆ 112ಕ್ಕೆ ಫೋನ್ ಮಾಡಿ. ‘ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಹೊಸ ಕಾನೂನಿನ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದೇ ಝೀರೋ ಎಫ್‌ಐಆರ್. ಕರ್ನಾಟಕ ಪೊಲೀಸರ ಇ-ಲಾಸ್ಟ್ ಇರೋದು ಕಳೆದುಹೋದ ವಸ್ತುಗಳಿಗೆ, ಕಳುವಿಗೆ ಎಫ್‌ಐಆರೇ ಆಗಬೇಕು. ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ಕಂಪನಿ ಲ್ಯಾಪ್‌ಟಾಪ್ ಆದರೆ ಕಂಪನಿಗೂ ತಕ್ಷಣ ತಿಳಿಸಿ.

ಒಂದು ವ್ಯತ್ಯಾಸ ನೆನಪಿಡಿ. ಕಳುವಾದ ಮೊಬೈಲನ್ನು ಐಎಂಇಐ ನಂಬರ್ ಕೊಟ್ಟು ಸರ್ಕಾರದ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಬಹುದು. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಆ ನಂಬರ್ ಇರಲ್ಲ. ಅದರ ಗುರುತು ಸೀರಿಯಲ್ ನಂಬರ್.

ಹಾಗಾಗಿ ಇವತ್ತು ಮಲಗೋ ಮುಂಚೆ ಲ್ಯಾಪ್‌ಟಾಪ್ ಮಗುಚಿ ಆ ನಂಬರಿನ ಫೋಟೊ ತೆಗೀರಿ, ಬಿಲ್ಲಿಂದೂ ತೆಗೀರಿ. ಎರಡನ್ನೂ ಮನೆಯವರ ಫೋನಿಗೆ ಕಳಿಸಿ. ಎರಡು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.