ನಿಮಗಿದು ಗೊತ್ತೇ? ಕೊಳಲಿಗೂ ಉಬ್ಬಸಕ್ಕೂ ಏನು ನಂಟು

ಉಬ್ಬಸ (ಆಸ್ತಮಾ) ಬಂದ ಮಗು ಹೆಚ್ಚು ಒದ್ದಾಡುವುದು ಉಸಿರು ಎಳೆದುಕೊಳ್ಳಲು ಅಲ್ಲ, ಹೊರಬಿಡಲು! ಶ್ವಾಸನಾಳದ ಒಳಗೋಡೆ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಕಫ ಕಟ್ಟಿದಾಗ ಒಳಗೆ ಹೋದ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಎದೆಯಿಂದ ಕೇಳುವ ‘ಸುಂಯ್’ ಸದ್ದು, ಆ ಇಕ್ಕಟ್ಟಿನಲ್ಲಿ ಗಾಳಿ ನುಸುಳಿ ಬರುವ ಸದ್ದು.

ಹಾಡುವವರೂ ಕೊಳಲು ಊದುವವರೂ ಕಲಿಯುವ ಮೊದಲ ಪಾಠವೇ ಉಸಿರನ್ನು ಅವಸರವಿಲ್ಲದೆ, ಹಿಡಿತದಲ್ಲಿಟ್ಟು ಹೊರಬಿಡುವುದು. ಸಂಗೀತ ಚಿಕಿತ್ಸಕರು ಉಬ್ಬಸದ ಮಕ್ಕಳ ಕೈಗೆ ಗಾಳಿವಾದ್ಯ ಕೊಡುವುದು ಇದೇ ಕಾರಣಕ್ಕೆ. ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1994ರಲ್ಲಿ ಆರಂಭವಾದ ಸಂಗೀತ ಚಿಕಿತ್ಸಾ ಕಾರ್ಯಕ್ರಮ ಇಂಥ ಮಕ್ಕಳಿಗೆ ಗಾಳಿವಾದ್ಯ ನುಡಿಸಲು ಕಲಿಸಿತು. ಅದಕ್ಕೆ ಇಟ್ಟ ಹೆಸರು ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರದು.

ಆಸ್ಟ್ರೇಲಿಯಾದ ಮೂಲನಿವಾಸಿಗಳ ವಾದ್ಯ ಡಿಡ್ಜೆರಿಡೂ, ಟೊಳ್ಳು ಮರದ ಉದ್ದನೆಯ ಕೊಳವೆ. ಅಲ್ಲಿನ ಉಬ್ಬಸದ ಹುಡುಗರಿಗೆ ಇದನ್ನು ಊದಲು, ಹುಡುಗಿಯರಿಗೆ ಹಾಡಲು ಕಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಹುಡುಗರ ಉಸಿರಾಟದ ಸಾಮರ್ಥ್ಯ ಹೆಚ್ಚಿತು. ಅದಕ್ಕಿಂತ ನನಗೆ ಮುಖ್ಯವೆನಿಸುವುದು, ಮಕ್ಕಳು ಪಾಠ ಬಿಡದೆ ಬಂದರು ಎಂಬುದು. ಉಸಿರಾಟದ ವ್ಯಾಯಾಮ ಮಾಡು ಎಂದರೆ ಎರಡೇ ದಿನಕ್ಕೆ ಬೇಸರಪಡುವ ಮಗು, ತನ್ನವರ ವಾದ್ಯವನ್ನು ಕೈಬಿಡುವುದಿಲ್ಲ.

ಇನ್ನು ನಮ್ಮೂರಿಗೆ ಬನ್ನಿ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟರು. 1979ರಲ್ಲಿ ಅವರಲ್ಲಿ ಶೇ. 9 ಮಕ್ಕಳಿಗೆ ಆಸ್ತಮಾ ಇತ್ತು. 1989ಕ್ಕೆ ಅದು ಶೇ. 18.5 ಆಯಿತು, 1999ಕ್ಕೆ ಶೇ. 29.5! ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ. ಆದರೂ ಅದೇ ಇಪ್ಪತ್ತು ವರ್ಷಗಳಲ್ಲಿ ರಸ್ತೆಗಿಳಿದ ವಾಹನಗಳನ್ನು ನೆನೆದರೆ ಮನಸ್ಸು ಕಲಕುತ್ತದೆ.

ಉಸಿರಾಟದ ಅಭ್ಯಾಸವನ್ನು ಪರೀಕ್ಷೆಗೊಡ್ಡಿದ ಹಳೆಯ ಅಧ್ಯಯನಗಳಲ್ಲಿ ಒಂದು ಬೆಂಗಳೂರಿನದೇ. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು ಆಸ್ತಮಾ ಇದ್ದ 53 ಮಂದಿಗೆ ಎರಡು ವಾರ ಯೋಗ ಕಲಿಸಿ, ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಿ ಎಂದರು. ಯೋಗ ಮಾಡದ ಇನ್ನೂ 53 ಮಂದಿಯೊಂದಿಗೆ ಹೋಲಿಸಿದಾಗ ಅಭ್ಯಾಸ ಮಾಡಿದವರಲ್ಲಿ ಉಬ್ಬಸ ಬರುವುದು ಕಡಿಮೆಯಾಗಿತ್ತು. ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾದದ್ದು 1985ರಲ್ಲಿ.

ಇಂಥ ಅಭ್ಯಾಸವನ್ನು ಸಂಗೀತದ ಜೊತೆ ಮಕ್ಕಳಿಗೆ ಕಲಿಸುವುದೆಲ್ಲಿ? ಸಾವಿರ ಎಕರೆಗೂ ಮೀರಿದ ಜ್ಞಾನಭಾರತಿಯ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲಾ ವಿಭಾಗವಿದೆ. ಸಂಗೀತ, ನೃತ್ಯ, ನಾಟಕ ಕಲಿಸುವ ವಿಭಾಗವದು. ಅದೇ ಆವರಣದಲ್ಲಿ ಜೈವಿಕ ವನವಿದೆ, ಊರಿನ ಕೊಳಚೆ ಹೊತ್ತ ವೃಷಭಾವತಿಯೂ ಹರಿಯುತ್ತಾಳೆ. ಪಕ್ಕದಲ್ಲೇ ಮೈಸೂರು ರಸ್ತೆ. ಕೊಳಚೆ, ವಾಹನಗಳ ಹೊಗೆ ಹತ್ತಿರವಿದ್ದರೂ ಕೆಂಗೇರಿ, ನಾಗರಭಾವಿ, ವಿಜಯನಗರದ ಉಬ್ಬಸದ ಮಕ್ಕಳಿಗಾಗಿ ವೈದ್ಯರೂ ಸಂಗೀತದ ಮೇಷ್ಟ್ರೂ ಒಟ್ಟಾಗಿ ತರಗತಿ ನಡೆಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಆದರೆ ಅಭ್ಯಾಸಕ್ಕೆ ಕೂರುವ ಜಾಗ ನೋಡಿಕೊಳ್ಳಿ. ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ ಮೂಗಿನ ಅಲರ್ಜಿ ತರುತ್ತದೆ, ಮೂಗಿನ ಅಲರ್ಜಿ ಉಬ್ಬಸವನ್ನು ಕೆರಳಿಸುತ್ತದೆ. ಕರ್ನಾಟಕ ಈ ಗಿಡವನ್ನು ಹಾನಿಕಾರಕ ಕಳೆ ಎಂದು ಘೋಷಿಸಿದ್ದು 1975ರಲ್ಲೇ! ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಗಿಡ ಇನ್ನೂ ಇದೆ.

ಸಂಗೀತಗಾರರಲ್ಲೂ ಉಬ್ಬಸದವರಿದ್ದರೇ? ‘ನಾಲ್ಕು ಋತುಗಳು’ ರಚಿಸಿದ ಇಟಲಿಯ ವಿವಾಲ್ಡಿಗೆ ಹುಟ್ಟಿನಿಂದಲೂ ಎದೆ ಬಿಗಿಯುವ ಕಾಯಿಲೆ. 1737ರ ಪತ್ರದಲ್ಲಿ ಅವನೇ ಹಾಗೆಂದು ಬರೆದಿದ್ದಾನೆ. ಅದು ಆಸ್ತಮಾ ಇರಬೇಕೆಂದು ಹಲವರ ಊಹೆ.

ಔಷಧವನ್ನು ಮಂಜಿನಂಥ ಹನಿಗಳಾಗಿಸುವ ನೆಬ್ಯುಲೈಸರ್ ಹಾಕಿದಾಗ ಮಗು ಅತ್ತರೆ ಔಷಧ ಶ್ವಾಸಕೋಶಕ್ಕೆ ಹೋಗುವುದು ತೀರಾ ಕಡಿಮೆ! ‘ಅತ್ತರೆ ಜೋರಾಗಿ ಉಸಿರೆಳೆಯುತ್ತೆ, ಔಷಧ ಚೆನ್ನಾಗಿ ಹೋಗುತ್ತೆ’ ಎಂದು ಮನೆಗಳಲ್ಲಿ ಹೇಳುವುದುಂಟು, ಅದು ತಪ್ಪು. ಅಳುವ ಮಗು ಉಸಿರನ್ನು ಉದ್ದಕ್ಕೆ ಹೊರಬಿಟ್ಟು, ಗಕ್ಕನೆ ಒಳಗೆಳೆಯುತ್ತದೆ. ಆಗ ಔಷಧದ ಹನಿಗಳು ಬಾಯಿ, ಗಂಟಲಲ್ಲೇ ಉಳಿಯುತ್ತವೆ. ಆ ಹೊತ್ತು ಅಮ್ಮನೋ ಅಜ್ಜಿಯೋ ಮಡಿಲಲ್ಲಿ ಕೂರಿಸಿಕೊಂಡು ಮಗುವಿಗೆ ಇಷ್ಟವಾದ ಹಾಡು ಹೇಳಿದರೆ ಮಗು ಸುಮ್ಮನಾಗುತ್ತದೆ, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆ. ಸಂಗೀತದಿಂದ ಉಬ್ಬಸದ ಮಗುವಿಗೆ ಆಗುವ ಅತಿ ಸರಳ ಉಪಕಾರ ಇದು. ಇದಕ್ಕೆ ಶ್ರುತಿ, ತಾಳ ಯಾವುದೂ ಬೇಕಿಲ್ಲ.

ಸ್ಟೀರಾಯ್ಡ್ ಇನ್ಹೇಲರ್‌ನಿಂದ ಕೆಲವರ ದನಿ ಒಡೆಯುತ್ತದೆ. ಸಂಗೀತ ಕಲಿಯುವ ಮಗುವಾದರೆ ತಪ್ಪದೆ ಇನ್ಹೇಲರ್‌ಗೆ ಜೋಡಿಸುವ ಕೊಳವೆ, ಸ್ಪೇಸರ್ ಬಳಸಿ, ಔಷಧ ಎಳೆದ ಮೇಲೆ ಬಾಯಿ ಮುಕ್ಕಳಿಸಲಿ. ದನಿ ಒಡೆಯಿತೆಂದು ಔಷಧ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ವಾದ್ಯವನ್ನೂ ತೊಳೆದು ಒಣಗಿಸಬೇಕು. ಬ್ಯಾಗ್‌ಪೈಪ್ ಎಂಬ ಗಾಳಿವಾದ್ಯದ ಒಳಗೆ ಬೆಳೆದ ಬೂಷ್ಟಿನಿಂದ ಶ್ವಾಸಕೋಶ ಕೆಟ್ಟು ಇಂಗ್ಲೆಂಡಿನ ವಾದಕರೊಬ್ಬರು ತೀರಿಕೊಂಡ ಪ್ರಕರಣವನ್ನು ವೈದ್ಯರು 2016ರಲ್ಲಿ ದಾಖಲಿಸಿದರು. ಒಂದು ಮಗು ಊದಿದ ಕೊಳಲನ್ನು ಇನ್ನೊಂದು ಮಗುವಿಗೆ ಕೊಡಬೇಡಿ.

ಕೊಳಲು ಕೊಳ್ಳಲು ಆಗದಿದ್ದರೆ ಸರಳೆ ವರಸೆ ಇದ್ದೇ ಇದೆ. ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಈ ಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ, ನಿಧಾನದ ಒಂದನೇ ಕಾಲದಲ್ಲಿ, ಅಕಾರವಾಗಿ ಹಾಡಿದರೆ ಉಸಿರು ತಾನಾಗಿ ಉದ್ದವಾಗುತ್ತದೆ.

‘ಇಂಥಿಂಥ ರಾಗ ಕೇಳಿದರೆ ಉಬ್ಬಸ ವಾಸಿ’ ಎನ್ನುವ ಪಟ್ಟಿಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ನಂಬಬೇಡಿ. ಶ್ವಾಸನಾಳದ ಊತವನ್ನು ಇಳಿಸುವುದು ಔಷಧ. ಆಸ್ತಮಾಕ್ಕೆ ಸಂಗೀತ ಚಿಕಿತ್ಸೆ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2014ರ ಪರಾಮರ್ಶೆಗೂ ಗಟ್ಟಿ ಆಧಾರ ಸಿಗಲಿಲ್ಲ. ಸಂಗೀತ ಔಷಧದ ಜೊತೆಗೆ ಇರಬೇಕಾದದ್ದು, ಅದರ ಬದಲಿಗೆ ಅಲ್ಲ.

ಉಬ್ಬಸ ಕೆರಳಿದ ಹೊತ್ತಿನಲ್ಲಿ ಮಗುವಿನಿಂದ ಹಾಡಿಸುವುದೂ ಬೇಡ, ಕೊಳಲು ಊದಿಸುವುದೂ ಬೇಡ. ಮಗುವನ್ನು ನೆಟ್ಟಗೆ ಕೂರಿಸಿ, ವೈದ್ಯರು ಬರೆದುಕೊಟ್ಟ ತುರ್ತು ಇನ್ಹೇಲರ್ ಕೊಡಿ. ಮಾತಾಡಲೂ ಆಗದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಸಂಗೀತದ ತರಗತಿಗೆ ಹೋಗುವ ಮಗುವಿನ ಚೀಲದಲ್ಲಿ ಆ ಇನ್ಹೇಲರ್ ಸದಾ ಇರಲಿ. ಅದನ್ನು ಬಳಸುವ ಕ್ರಮವನ್ನು ಮೇಷ್ಟ್ರಿಗೂ ಒಮ್ಮೆ ತೋರಿಸಿಕೊಟ್ಟು ಬನ್ನಿ.