ಆರಡಿ ಮೂರಡಿ ಜಾಗ



ಸತ್ಯ ಹರಿಶ್ಚಂದ್ರನ ಕಥೆ ನಿಮಗೆಲ್ಲ ಗೊತ್ತು. ರಾಘವಾಂಕನ ಕಾವ್ಯಭಾಗವನ್ನು ತರಗತಿಯಲ್ಲಿ ಓದಿರಬಹುದು, ಊರ ಹಬ್ಬದ ನಾಟಕದಲ್ಲಿ ನೋಡಿರಬಹುದು. ರಾಜ್ಯ ಕಳೆದುಕೊಂಡ ಅರಸ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ. ಒಂದು ರಾತ್ರಿ ಅವನ ಹೆಂಡತಿ ಚಂದ್ರಮತಿಯೇ ಮಗನ ಶವ ಹೊತ್ತು ಬರುತ್ತಾಳೆ. ಸುಂಕ ಕೊಡದೆ ಸುಡುವಂತಿಲ್ಲ ಎನ್ನುತ್ತಾನೆ ಹರಿಶ್ಚಂದ್ರ. ನೋಡುವವರೆಲ್ಲ ಕಣ್ಣೊರೆಸಿಕೊಳ್ಳುವ ಸನ್ನಿವೇಶವಿದು. ಸ್ಮಶಾನಕ್ಕೂ ನಿಯಮವಿದೆ, ಆ ನಿಯಮ ಕಾಯುವವನ ಹೆಂಡತಿಗೂ ಒಂದೇ ಎಂಬುದು ಇದರಲ್ಲಿರುವ ನೀತಿ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕೈಯಲ್ಲಿ ಕಾಸಿಲ್ಲದ, ಸ್ವಂತಕ್ಕೆ ಅಂಗೈಯಗಲ ಭೂಮಿಯೂ ಇಲ್ಲದ ತಾಯಿ ಮಗನ ಶವವನ್ನು ಎಲ್ಲಿಗೆ ಕೊಂಡೊಯ್ಯಬೇಕು? ಇಂದಿನ ಕಾನೂನು ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತದೆ ಎಂಬುದನ್ನು ನೋಡೋಣ.

ಸಾರ್ವಜನಿಕ ಸ್ಮಶಾನ ಯಾರಿಗೆ ಬೇಕು?

ಗುಬ್ಬಿ ತಾಲ್ಲೂಕಿನ ನಿಟ್ಟೂರು ಹೋಬಳಿಯ ಕಡೆ ಹೋದರೆ ತೆಂಗು, ಅಡಿಕೆ ತೋಟಗಳು ಕಾಣುತ್ತವೆ. ಈ ಸೀಮೆಯಲ್ಲಿ ಜಮೀನಿರುವ ಎಷ್ಟೋ ಮನೆತನಗಳು ತಮ್ಮ ಹಿರಿಯರನ್ನು ತಮ್ಮ ತೋಟದ ಅಂಚಿನಲ್ಲೇ ಮಣ್ಣು ಮಾಡುತ್ತವೆ. ಮೂರನೆಯ ದಿನದ ಹಾಲು ತುಪ್ಪವೂ ಅಲ್ಲೇ, ಹಬ್ಬದ ದಿನದ ಪೂಜೆಯೂ ಅಲ್ಲೇ. ಪದ್ಧತಿಗಳು ಬೇರೆ ಬೇರೆ. ವೀರಶೈವ ಲಿಂಗಾಯತರು ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. 2019ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಕ್ರಿಯಾಸಮಾಧಿಯನ್ನು ನಿಮ್ಮಲ್ಲಿ ಹಲವರು ದೂರದರ್ಶನದಲ್ಲಿ ನೋಡಿರಬಹುದು. ಮುಸ್ಲಿಮರು ಖಬರಸ್ತಾನದಲ್ಲಿ ಮೃತರ ಮುಖವನ್ನು ಮಕ್ಕಾ ದಿಕ್ಕಿಗೆ ತಿರುಗಿಸಿ ಮಲಗಿಸುತ್ತಾರೆ. ಕ್ರೈಸ್ತರು ಪೆಟ್ಟಿಗೆಯಲ್ಲಿಟ್ಟು ಹೂಳುತ್ತಾರೆ. ಜೈನರು, ಬ್ರಾಹ್ಮಣರು ದಹನ ಮಾಡುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಊರಿಗೆ ಸಾರ್ವಜನಿಕ ಸ್ಮಶಾನವಿಲ್ಲದಿದ್ದರೆ ತೋಟವುಳ್ಳವರಿಗೆ ಅದರ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಅದು ತಟ್ಟುವುದು ಕೂಲಿಯಿಂದ ಬದುಕುವ ಭೂರಹಿತರಿಗೆ. ಕೆರೆ ಅಂಗಳದಲ್ಲೋ, ಹಳ್ಳದ ದಂಡೆಯಲ್ಲೋ, ರಸ್ತೆ ಬದಿಯಲ್ಲೋ ಹೂಳುವ ಪಾಡು ಅವರದು. ಮಳೆಗಾಲದಲ್ಲಿ ಆ ಜಾಗಕ್ಕೂ ನೀರು ಬರುತ್ತದೆ. ಆರಡಿ ಮೂರಡಿ ಜಾಗ ಎಲ್ಲರಿಗೂ ಸಮ ಎಂದು ನಾವು ಮಾತಿನಲ್ಲಿ ಹೇಳುತ್ತೇವೆ. ಆ ಮಾತು ನಿಜವಾಗಬೇಕಾದರೆ ಊರಿಗೊಂದು ಸ್ಮಶಾನ ಇರಲೇಬೇಕು, ಅದಕ್ಕೊಂದು ದಾರಿಯೂ ಇರಬೇಕು.

ತೋಟದಲ್ಲಿ ಹೂಳುವವರಿಗೂ ಒಂದು ತೊಡಕುಂಟು. ಜಮೀನು ಮಾರಿದ ಮೇಲೆ ಸಮಾಧಿ ಕೊಂಡವರ ನೆಲದಲ್ಲಿ ಉಳಿಯುತ್ತದೆ. ಅವರು ನೆಲ ಸಮ ಮಾಡಿದರೆ ಮೊಮ್ಮಕ್ಕಳಿಗೆ ಹೂವಿಡಲೂ ಜಾಗವಿರುವುದಿಲ್ಲ.

ಜಾಗ ಕೊಡುವ ಹೊಣೆ ಯಾರದು?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸ್ಮಶಾನದ ವಿಷಯ ರಾಜ್ಯಪಟ್ಟಿಯಲ್ಲಿದೆ. ಆದ್ದರಿಂದ ಇದು ರಾಜ್ಯ ಸರಕಾರದ ಹೊಣೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಂತೆ ಜಿಲ್ಲಾಧಿಕಾರಿಗಳು ಸರಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಡಬಹುದು. ಹಾಗೆ ಮೀಸಲಿಟ್ಟ ಜಾಗವನ್ನು ಅವರ ಅನುಮತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಸ್ಮಶಾನವನ್ನು ನೋಡಿಕೊಳ್ಳುವ ಕೆಲಸವನ್ನು 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಪಂಚಾಯಿತಿಗೆ ವಹಿಸಿದೆ. ಪಟ್ಟಣ, ನಗರಗಳಲ್ಲಿ ಈ ಕೆಲಸ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳದು. ಸ್ಮಶಾನವಿಲ್ಲದ ಊರುಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಸರಕಾರಕ್ಕೆ ಆದೇಶಿಸಿತು.

ಜಾಗ ಇದ್ದರೂ ಸಾಲದು, ಒಳಗೆ ಬಿಡಬೇಕಲ್ಲ! ಜಾತಿಯ ಹೆಸರಿನಲ್ಲಿ ಸ್ಮಶಾನದ ಬಾಗಿಲು ಮುಚ್ಚಿದ ಕಹಿ ಚರಿತ್ರೆ ನಮ್ಮದು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಸ್ಮಶಾನದಿಂದ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಅವರು ಇತರರ ಸಮಾನವಾಗಿ ಸ್ಮಶಾನ ಬಳಸುವುದಕ್ಕೆ ಅಡ್ಡಿಪಡಿಸಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡವುಂಟು. ಘನತೆಯ ಹಕ್ಕು ಬದುಕಿರುವವರಿಗೆ ಮಾತ್ರವಲ್ಲ, ಸತ್ತವರ ದೇಹಕ್ಕೂ ಇದೆ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿತು. ಆದರೂ 2020ರ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಕೊರೋನಾದಿಂದ ತೀರಿಕೊಂಡ ಮಹಿಳೆಯೊಬ್ಬರ ಶವಸಂಸ್ಕಾರಕ್ಕೆ ಜನ ಅಡ್ಡಬಂದರು. ಭಯಕ್ಕೂ ಜಾತಿಯಷ್ಟೇ ಬಲವಿದೆ ಎಂಬುದು ಅಂದು ಕಂಡುಬಂತು.

ಹೂಳುವ ಮುನ್ನ ತಿಳಿಯಬೇಕಾದದ್ದು

ಮೊದಲನೆಯದು ಮರಣದ ನೋಂದಣಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನಗಳೊಳಗೆ ತಿಳಿಸಬೇಕು. ಈ ಅವಧಿಯಲ್ಲಿ ಶುಲ್ಕವಿಲ್ಲ. ಸ್ಮಶಾನದ ಉಸ್ತುವಾರಿ ಹೊತ್ತವರಿಗೂ ಸಾವಿನ ಮಾಹಿತಿ ಕೊಡುವ ಹೊಣೆಯನ್ನು ಕಾಯ್ದೆ ಹೊರಿಸಿದೆ. ವಿಧವಾ ವೇತನ, ವಿಮೆ, ಜಮೀನಿನ ಪೌತಿ ಖಾತೆ, ಎಲ್ಲಕ್ಕೂ ಮರಣ ಪತ್ರ ಬೇಕು. ದುಃಖದ ನಡುವೆ ಮನೆಯವರು ಇದನ್ನು ಮರೆತರೆ ನೆನಪಿಸುವುದು ಓದಿದ ಮಕ್ಕಳ ಕರ್ತವ್ಯ.

ಎರಡನೆಯದು ಅಸಹಜ ಸಾವು. ಅಪಘಾತ, ಆತ್ಮಹತ್ಯೆ, ವಿಷಪ್ರಾಶನ ಅಥವಾ ಅನುಮಾನಾಸ್ಪದ ಸಾವಾದರೆ ಪೊಲೀಸರಿಗೆ ತಿಳಿಸದೆ ಹೂಳಕೂಡದು, ಸುಡಲೂಕೂಡದು. ಹೂತ ದೇಹವನ್ನು ತನಿಖೆಗಾಗಿ ಹೊರತೆಗೆಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಆ ನೋವು ಮನೆಯವರಿಗೆ ಎರಡನೆಯ ಸಾವಿನಂತೆ. ಮೊದಲೇ ತಿಳಿಸಿದರೆ ಅದು ತಪ್ಪುತ್ತದೆ.

ಮೂರನೆಯದು ಸ್ಥಳ ಮತ್ತು ಆಳ. ತುಮಕೂರಿನಂಥ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ನೋಂದಾಯಿತ ಸ್ಮಶಾನದಲ್ಲೇ ಸಂಸ್ಕಾರ ನಡೆಯಬೇಕು. ಹಳ್ಳಿಯಲ್ಲಾದರೂ ಬಾವಿ, ಕೆರೆ, ಕೊಳವೆ ಬಾವಿಗಳಿಂದ ದೂರವಿರಬೇಕು. ಏಕೆ? ದೇಹ ಮಣ್ಣಿನಲ್ಲಿ ಕರಗುವಾಗ ಒಸರುವ ದ್ರವವನ್ನು ಮಣ್ಣಿನ ಪದರಗಳು ಸೋಸುತ್ತವೆ, ಸೂಕ್ಷ್ಮಜೀವಿಗಳು ಅದನ್ನು ಅರಗಿಸುತ್ತವೆ. ಗುಣಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಸಾಕಷ್ಟು ಒಣ ಮಣ್ಣಿದ್ದರೆ ಮಾತ್ರ ಈ ಕೆಲಸ ನಡೆದೀತು. ಗುಣಿ ತೀರ ಮೇಲಾದರೆ ನಾಯಿ, ನರಿಗಳು ಕೆದಕುತ್ತವೆ. ಹಿರಿಯರು ಮಣ್ಣಿನ ಮೇಲೆ ಕಲ್ಲು, ಮುಳ್ಳು ಹೇರುತ್ತಿದ್ದುದು ಇದಕ್ಕಾಗಿಯೇ.

ಹಾಸಿಗೆ, ದಿಂಬು, ಪ್ಲಾಸ್ಟಿಕ್ ಹಾರಗಳನ್ನು ಹಳ್ಳಕ್ಕೆ ಎಸೆಯುವುದು ಇಂದು ಸಾಮಾನ್ಯವಾಗಿದೆ. ಅವು ಕೆರೆ ಸೇರುತ್ತವೆ, ಮಣ್ಣಿಗೆ ಸೇರುವುದಿಲ್ಲ.

ಸ್ಮಶಾನದಲ್ಲಿ ನಡವಳಿಕೆ

ನೀವು ಬಂಧುವಿನ ಅಂತ್ಯಸಂಸ್ಕಾರಕ್ಕೋ, ಹಿರಿಯರ ಸಮಾಧಿಗೆ ಹೂವಿಡಲೋ ಹೋಗಿರುತ್ತೀರಿ. ಪಕ್ಕದಲ್ಲಿರುವುದು ಬೇರೊಬ್ಬರ ತಾಯಿಯ ಸಮಾಧಿ ಎಂಬ ನೆನಪಿರಲಿ. ಅದರ ಮೇಲೆ ಕೂರಬೇಡಿ, ಅದನ್ನು ದಾಟಬೇಡಿ, ಸುತ್ತಿ ಹೋಗಿ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. ಮೊಬೈಲ್ ಫೋನಿನ ದನಿ ನಿಲ್ಲಿಸಿ. ಅಳುವವರ ಚಿತ್ರ ತೆಗೆದು ಹಂಚುವುದು ಅವರ ದುಃಖವನ್ನು ಸಂತೆಗೆ ಇಟ್ಟಂತೆ. ಬೇರೆ ಮತದವರ ಸ್ಮಶಾನಕ್ಕೆ ಹೋದಾಗ ಚಪ್ಪಲಿ ಎಲ್ಲಿ ಬಿಡಬೇಕು, ತಲೆ ಮುಚ್ಚಬೇಕೇ ಎಂದು ಅಲ್ಲಿನ ಹಿರಿಯರನ್ನು ಕೇಳಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಹೆಣ್ಣುಮಕ್ಕಳು ಸ್ಮಶಾನಕ್ಕೆ ಹೋಗಬಾರದೆಂಬುದು ಕೆಲವು ಸಮುದಾಯಗಳ ರೂಢಿ. ಕಾನೂನಿನಲ್ಲಿ ಅಂಥ ನಿಷೇಧವಿಲ್ಲ.

ಇವೆಲ್ಲ ಸೌಜನ್ಯದ ಮಾತು. ಆದರೆ ಇತರರ ಭಾವನೆಯನ್ನು ನೋಯಿಸುವ ಉದ್ದೇಶದಿಂದ ಸ್ಮಶಾನಕ್ಕೆ ನುಗ್ಗುವುದು, ಶವಕ್ಕೆ ಅವಮಾನ ಮಾಡುವುದು, ಸಂಸ್ಕಾರಕ್ಕೆ ನೆರೆದವರಿಗೆ ತೊಂದರೆ ಕೊಡುವುದು ಶಿಕ್ಷಾರ್ಹ ಅಪರಾಧ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಸಮಾಧಿ ಸಂರಕ್ಷಿತ ಸ್ಮಾರಕವಾಗಿದ್ದರೆ ಅದನ್ನು ಕೆಡಿಸಿದವರಿಗೆ ಬೇರೆಯೇ ಕಾಯ್ದೆಯಡಿ ಶಿಕ್ಷೆಯುಂಟು.

ಗುಣಿ ತೋಡುವವರನ್ನು, ಚಿತೆ ಒಟ್ಟುವವರನ್ನು ಏಕವಚನದಲ್ಲಿ ಕರೆಯುವುದನ್ನು ನೀವು ಕೇಳಿರಬಹುದು. ಹರಿಶ್ಚಂದ್ರ ಅರಸನೆಂದು ಗೊತ್ತಿರುವುದರಿಂದ ನಾಟಕದಲ್ಲಿ ಅವನಿಗಾಗಿ ಅಳುತ್ತೇವೆ. ಬಿಸಿಲಿನಲ್ಲಿ ಗುದ್ದಲಿ ಹಿಡಿದು ನಿಂತವರಿಗೆ ಒಂದು ಚೊಂಬು ನೀರು ಕೊಟ್ಟು, "ಅಣ್ಣ, ಸ್ವಲ್ಪ ಸುಧಾರಿಸಿಕೊಳ್ಳಿ" ಎನ್ನುವುದನ್ನು ಮರೆಯುತ್ತೇವೆ.

ನಿಮಗೊಂದು ಕೆಲಸ

ನಿಮ್ಮ ಊರಿನ ಗ್ರಾಮನಕ್ಷೆಯನ್ನು ಪಂಚಾಯಿತಿಯಲ್ಲೋ, ಗ್ರಾಮ ಆಡಳಿತಾಧಿಕಾರಿಗಳ ಬಳಿಯೋ ಕೇಳಿ ನೋಡಿ. ಸ್ಮಶಾನವೆಂದು ಗುರುತಿಸಿದ ಸರ್ವೆ ನಂಬರು ಯಾವುದು, ವಿಸ್ತೀರ್ಣ ಎಷ್ಟು ಎಕರೆ ಎಷ್ಟು ಗುಂಟೆ ಎಂದು ಬರೆದುಕೊಳ್ಳಿ. ಮನೆಯ ಹಿರಿಯರೊಬ್ಬರ ಜೊತೆ ಅಲ್ಲಿಗೆ ನಡೆದು ಹೋಗಿ. ನಕ್ಷೆಯಲ್ಲಿರುವಷ್ಟು ಜಾಗ ನೆಲದಲ್ಲಿಯೂ ಇದೆಯೇ? ಹೆಗಲ ಮೇಲೆ ಚಟ್ಟ ಹೊತ್ತ ನಾಲ್ವರು ಸಾಗುವಷ್ಟು ದಾರಿ ಇದೆಯೇ? ನೀರಿದೆಯೇ, ನೆರಳಿದೆಯೇ? ಊರಿನ ಎಲ್ಲ ಕೇರಿಯವರೂ ಅದನ್ನು ಬಳಸುತ್ತಾರೆಯೇ?

ಇಲ್ಲವೆಂಬ ಉತ್ತರ ಬಂದರೆ ಅದನ್ನು ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ನಿಮಗೆ ಹದಿನೆಂಟು ತುಂಬಿದ್ದರೆ ಊರಿನ ಗ್ರಾಮಸಭೆಯಲ್ಲೇ ಹೇಳಿ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ನಮ್ಮ ಅಜ್ಜಂದಿರು ತಮ್ಮ ವಯಸ್ಸನ್ನು ಕುರಿತು ನಗುತ್ತ ಹೇಳುವುದುಂಟು. ಬಾ ಎನ್ನುವ ಆ ಕಾಡು ಎಲ್ಲ ಅಜ್ಜಂದಿರನ್ನೂ ಒಂದೇ ರೀತಿ ಕರೆಯುತ್ತಿದೆಯೇ ಎಂದು ನೋಡಿ ಬನ್ನಿ.