ಸೂರಿಲ್ಲದ ಚರ್ಚಿನಲ್ಲಿ ಬೆಳಕಿನ ಪಾಠ

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚನ್ನು ನೋಡದವರೂ ಅದರ ಫೋಟೊ ನೋಡಿರುತ್ತಾರೆ. ಗೊರೂರು ಹಿನ್ನೀರಿನ ನಡುವೆ ಕಮಾನುಗಳಷ್ಟೇ ತಲೆಯೆತ್ತಿ ನಿಂತ ಆ ಚಿತ್ರ ಕ್ಯಾಲೆಂಡರುಗಳಲ್ಲಿದೆ, ಮದುವೆ ಆಲ್ಬಮ್ಮುಗಳಲ್ಲಿದೆ, ಮೊಬೈಲುಗಳಲ್ಲಂತೂ ಲೆಕ್ಕವಿಲ್ಲದಷ್ಟಿದೆ. ಆದರೆ ಹೆಚ್ಚಿನವು ದಡದಲ್ಲಿ ನಿಂತು ಹೊರಗಿನಿಂದ ತೆಗೆದವು. ಚರ್ಚಿನ ಒಳಭಾಗವನ್ನು, ಅದೂ ಹಗಲ ಬೆಳಕೊಂದನ್ನೇ ನಂಬಿ ಸೆರೆಹಿಡಿಯುವುದು ಛಾಯಾಗ್ರಹಣದಲ್ಲಿ ಒಂದು ಪ್ರತ್ಯೇಕ ವಿದ್ಯೆ. ದಂಡಿಗನಹಳ್ಳಿ, ಹೊಳೆನರಸೀಪುರ, ಅರಕಲಗೂಡು ಕಡೆಯ ಹವ್ಯಾಸಿಗಳಿಗೆ ಅದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇನ್ನೊಂದಿಲ್ಲ.

ಜಪಮಾಲೆ ಮಾತೆಯ ಹೆಸರಿನ ಈ ಚರ್ಚನ್ನು ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದರು. 1979ರಲ್ಲಿ ಹೇಮಾವತಿಗೆ ಗೊರೂರಿನ ಅಣೆಕಟ್ಟು ಪೂರ್ತಿಯಾಯಿತು. ಊರು ಮುಳುಗಡೆಗೆ ಸೇರಿತು, ಜನ ಬೇರೆಡೆಗೆ ಹೋದರು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದು ಅರ್ಧಕ್ಕೂ ಹೆಚ್ಚು ಮುಳುಗುತ್ತದೆ. ನೀರು ಇಳಿದ ಮೇಲೆ, ಬೇಸಿಗೆಯ ಹೊತ್ತಿಗೆ, ಒಳಗೆ ನಡೆದುಕೊಂಡೇ ಹೋಗಬಹುದು. ಚಾವಣಿ ಎಂದೋ ಹೋಗಿದೆ. ಇಟ್ಟಿಗೆಯ ಗೋಡೆ, ಚೂಪುಗಮಾನು, ಬಲಿಪೀಠವಿದ್ದ ಕೊನೆಯ ಭಾಗ ಮಾತ್ರ ಉಳಿದಿವೆ.

ಚರ್ಚು ಕಟ್ಟುವವರು ಬೆಳಕನ್ನೂ ಲೆಕ್ಕಕ್ಕೆ ಹಿಡಿದೇ ಕಟ್ಟುತ್ತಿದ್ದರು. ಯುರೋಪಿನ ಹಳೆಯ ಪದ್ಧತಿಯಲ್ಲಿ ಬಲಿಪೀಠ ಪೂರ್ವಕ್ಕೆ, ಹೆಬ್ಬಾಗಿಲು ಪಶ್ಚಿಮಕ್ಕೆ. ಬೆಳಗಿನ ಪೂಜೆಯ ಹೊತ್ತಿಗೆ ಬಿಸಿಲು ಬಲಿಪೀಠದ ಹಿಂದಿನ ಕಿಟಕಿಯಿಂದ ಬರಬೇಕು ಎಂಬುದು ಉದ್ದೇಶ. ಎತ್ತರದ ಕಿಟಕಿಗಳು ಬೆಳಕನ್ನು ನೆಲಕ್ಕೆ ಸುರಿಯದೆ ಮೊದಲು ಎದುರು ಗೋಡೆಗೆ ಬೀಳಿಸಿ, ಅಲ್ಲಿಂದ ಮೆತ್ತಗೆ ಹರಡುತ್ತವೆ. ಹೀಗೆ ಗೋಡೆ, ಕಂಬಗಳ ಜೊತೆಗೇ ಸಜ್ಜಾದ ಬೆಳಕಿಗೆ ಫ್ಲ್ಯಾಶ್ ಹಾರಿಸಿದರೆ ಕಟ್ಟಡದ ಅರ್ಧವನ್ನೇ ಅಳಿಸಿದಂತೆ.

ಫ್ಲ್ಯಾಶ್ ಬೇಡವೆನ್ನಲು ಇನ್ನೊಂದು ಕಾರಣವಿದೆ. ದೂರ ಎರಡರಷ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಮೀಟರ್ ದೂರದ ಬೆಂಚಿಗೆ ಬಿದ್ದಷ್ಟು ಬೆಳಕಿನಲ್ಲಿ ಹದಿನಾರು ಮೀಟರ್ ದೂರದ ಬಲಿಪೀಠಕ್ಕೆ ಸಿಗುವುದು ಹದಿನಾರನೇ ಒಂದು ಪಾಲು. ಮುಂದಿನದು ಬೆಳ್ಳಗಾಗಿ, ಹಿಂದಿನದು ಕತ್ತಲಾಗುತ್ತದೆ. ಪ್ರಾರ್ಥನೆಗೆ ಕುಳಿತವರಿಗೆ ಆಗುವ ಕಿರಿಕಿರಿ ಬೇರೆ.

ಹಾಗಾದರೆ ಬೇಕಾದದ್ದು ಟ್ರೈಪಾಡ್ ಮತ್ತು ತಾಳ್ಮೆ. ಚಾವಣಿ ಇರುವ ಚರ್ಚಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 8 ಇಟ್ಟರೆ ಶಟರ್ ಒಂದರಿಂದ ನಾಲ್ಕು ಸೆಕೆಂಡ್ ತೆರೆದಿರಬೇಕಾಗುತ್ತದೆ. ಅಷ್ಟು ಹೊತ್ತು ಕೈ ನಿಲ್ಲುವುದಿಲ್ಲ. ಬೆರಳು ಒತ್ತಿದ ಅದುರು ಕೂಡ ಚಿತ್ರಕ್ಕೆ ತಾಗದಂತೆ ಎರಡು ಸೆಕೆಂಡಿನ ಟೈಮರ್ ಹಾಕುವುದು ರೂಢಿ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಕಂಬಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಮಟ್ಟವಾಗಿಯೇ ಹಿಡಿದು, ವೈಡ್ ಲೆನ್ಸ್ ಹಾಕಿ, ಬೇಡದ ನೆಲವನ್ನು ಆಮೇಲೆ ಕತ್ತರಿಸಬೇಕು. ಒಳಗೆ ಬಲ್ಬು ಉರಿಯುತ್ತಿದ್ದರೆ ಆರಿಸಲು ವಿನಂತಿಸಬೇಕು. ಹಗಲ ಬೆಳಕು ಸುಮಾರು 5500 ಕೆಲ್ವಿನ್, ಹಳೆಯ ತಂತಿ ಬಲ್ಬು 3000ದ ಆಸುಪಾಸು. ಎರಡೂ ಬೆರೆತರೆ ಒಂದೇ ಗೋಡೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ.

ಶೆಟ್ಟಿಹಳ್ಳಿಯಲ್ಲಿ ಸಮಸ್ಯೆ ತಿರುಗುಮುರುಗು. ಚಾವಣಿ ಇಲ್ಲದ್ದರಿಂದ ಬೆಳಕಿಗೆ ಬರವಿಲ್ಲ. ಅದು ಸಮನಾಗಿಲ್ಲ ಅಷ್ಟೆ. ಕಮಾನಿನಾಚೆಯ ಆಕಾಶಕ್ಕೂ ನೆರಳಿನ ಗೋಡೆಗೂ ನಾಲ್ಕು ಸ್ಟಾಪ್ ಅಂತರವಿದ್ದರೆ ಹದಿನಾರು ಪಟ್ಟು ವ್ಯತ್ಯಾಸ. ಆಕಾಶಕ್ಕೆ ಅಳತೆ ಕೊಟ್ಟರೆ ಗೋಡೆ ಕಪ್ಪು, ಗೋಡೆಗೆ ಕೊಟ್ಟರೆ ಆಕಾಶ ಬರೀ ಬಿಳಿ. ಇಂಥಲ್ಲಿ ಕ್ಯಾಮೆರಾ ಅಲುಗಿಸದೆ, ಎಫ್ 8 ಬದಲಿಸದೆ, 1/125, 1/30, 1/8 ಸೆಕೆಂಡಿನ ಮೂರು ಚಿತ್ರ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಅದಕ್ಕಿಂತ ಸೊಗಸಾದ ದಾರಿ ಹೊತ್ತು ನೋಡಿ ಹೋಗುವುದು. ಚಳಿಗಾಲದ ಬೆಳಗ್ಗೆ ಹಿನ್ನೀರಿನ ಮೇಲೆ ಮಂಜು ಕವಿದಿದ್ದರೆ ಆಕಾಶದ ಕಣ್ಣುಕುಕ್ಕುವ ಬೆಳಕು ತಾನೇ ತಗ್ಗುತ್ತದೆ. ಸೂರ್ಯ ಸ್ವಲ್ಪ ಮೇಲೇರಿ ಬಿಸಿಲು ಓರೆಯಾಗಿ ಗೋಡೆಯನ್ನು ಸವರಿದಾಗ ಗಾರೆ ಉದುರಿದ ಜಾಗ, ಇಟ್ಟಿಗೆಯ ಸಾಲು, ನೀರು ನಿಂತು ಇಳಿದ ಗೆರೆ ಒಂದೊಂದಾಗಿ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಇದ್ಯಾವುದೂ ಇರುವುದಿಲ್ಲ.

ಈ ವಿದ್ಯೆಗೆ ಒಬ್ಬ ಹಿರಿಯನಿದ್ದಾನೆ. ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್, 1853ರಲ್ಲಿ ಹುಟ್ಟಿದವನು, ಮೊದಲು ಪುಸ್ತಕದಂಗಡಿ ನಡೆಸುತ್ತಿದ್ದ. ಕ್ಯಾಥೆಡ್ರಲ್‌ಗಳ ಒಳಗೆ ಬೆಳಕು ಸರಿಹೋಗುವವರೆಗೆ ಕಾಯುವುದೇ ಅವನ ಕ್ರಮ. ವೆಲ್ಸ್ ಕ್ಯಾಥೆಡ್ರಲ್ಲಿನಲ್ಲಿ ಸವೆದ ಮೆಟ್ಟಿಲುಗಳು ಅಲೆಗಳಂತೆ ಏರಿಹೋಗುವ ಅವನ 1903ರ ಚಿತ್ರ ಇಂದಿಗೂ ಈ ಬಗೆಯ ಛಾಯಾಗ್ರಹಣದ ಮೇರು ಕೃತಿ. ಪ್ಲಾಟಿನಮ್ ಕಾಗದದಲ್ಲಷ್ಟೇ ನೆರಳಿನ ನಯ ಮೂಡುತ್ತದೆಂದು ನಂಬಿದ್ದ ಆತ, ಮೊದಲ ಮಹಾಯುದ್ಧದ ಕಾಲಕ್ಕೆ ಆ ಕಾಗದ ದುರ್ಲಭವಾದಾಗ ಛಾಯಾಗ್ರಹಣವನ್ನೇ ಬಿಟ್ಟ.

ನಮ್ಮಲ್ಲೂ ಕಣ್ಣು ಪಳಗಿಸಿಕೊಳ್ಳಲು ಜಾಗಗಳಿವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಬಣ್ಣದ ಗಾಜಿನ ಕಿಟಕಿಗಳಿವೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಬರೆದ ಚಿತ್ರಗಳು ಗೋಡೆ, ಚಾವಣಿಗಳನ್ನು ತುಂಬಿವೆ. ಇಲ್ಲೆಲ್ಲ ಅನುಮತಿ ಕೇಳದೆ ಕ್ಯಾಮೆರಾ ತೆಗೆಯಬಾರದು. ಅನುಮತಿ ಸಿಗದಿದ್ದರೆ ಬೆಳಕು ಎಲ್ಲಿಂದ ಬಂದು ಎಲ್ಲಿ ಬೀಳುತ್ತದೆಂದು ಕುಳಿತು ನೋಡುವುದೂ ಅಭ್ಯಾಸವೇ.

ಶೆಟ್ಟಿಹಳ್ಳಿಗೆ ಕಾವಲೂ ಇಲ್ಲ, ಸೂರೂ ಇಲ್ಲ. ನಾಲ್ಕು ದಶಕಗಳಿಂದ ನೆನೆದು ಒಣಗಿ ಆ ಗೋಡೆಗಳು ಸಡಿಲಾಗಿವೆ. ಹಾಗಾಗಿ ಇಲ್ಲಿ ತೆಗೆದ ಪ್ರತಿ ಚಿತ್ರವೂ ದಾಖಲೆ. ಹೋಗುವವರಲ್ಲಿ ಒಂದು ಮನವಿ: ಗೋಡೆ ಹತ್ತಬೇಡಿ, ಇಟ್ಟಿಗೆ ಮುಟ್ಟಬೇಡಿ, ಹೆಸರು ಕೆತ್ತಬೇಡಿ. ಪ್ರತಿ ವರ್ಷ ನೀರು ಇಳಿದ ಮೇಲೆ ಒಂದೇ ಜಾಗದಲ್ಲಿ ನಿಂತು, ಒಂದೇ ಹೊತ್ತಿನಲ್ಲಿ, ಒಂದೇ ಕಮಾನಿನ ಚಿತ್ರ ತೆಗೆದು ತಾರೀಖು ಬರೆದಿಡಿ. ಮುಂದೆ ಯಾರಾದರೂ ಈ ಚರ್ಚನ್ನು ಉಳಿಸಲು ಹೊರಟರೆ ಅವರಿಗೆ ಮೊದಲು ಬೇಕಾಗುವುದು ಅಂಥ ಚಿತ್ರಗಳೇ.